ಕೊರೆದು ತುಂಬದೆ ಬಿಟ್ಟ ತೂತಿನ ಬಗ್ಗೆ 'ಸುಖಪ್ರಯಾಣ'ದ ಕರ್ತೃಗಳಿಗೆ

ಬಂಡೆಗೆ ಬೋಲ್ಟು ಹೊಡೆಯುವುದರಲ್ಲಿ ಎತ್ತಿದ ಕೈಯೂ, ಹೊಡೆಯಬೇಕಾದಲ್ಲಿ ಹೊಡೆಯದಿರುವುದರಲ್ಲಿ ಅದಕ್ಕಿಂತ ಒಂದು ಗೇಣು ಮೇಲೆ ಎತ್ತಿದ ಕೈಯೂ ಆದ ಮಾನ್ಯರೇ,

ತಮಗೂ ತಮ್ಮ ಮನೆಯವರಿಗೂ ಆರೋಗ್ಯವನ್ನು, ತಮ್ಮ ಕೊರೆಯುವ ಯಂತ್ರದ ಬ್ಯಾಟರಿಗೆ ವಿಶೇಷವಾಗಿ ದೀರ್ಘಾಯುಷ್ಯವನ್ನು ಹಾರೈಸುತ್ತಾ ಈ ಪತ್ರವನ್ನು ಆರಂಭಿಸುತ್ತೇನೆ. ನಾನು ಹಲ್ಲಿನ ವೈದ್ಯೆ. ವಾರವೆಲ್ಲ ಗಟ್ಟಿ ಪದಾರ್ಥದಲ್ಲಿ ತೂತು ಕೊರೆದು ಜೀವನ ಸಾಗಿಸುವವಳು, ರಜೆಯ ದಿನ ಬೇರೆಯವರು ಕೊರೆದ ತೂತುಗಳನ್ನು ನಂಬಿ ಬಂಡೆ ಹತ್ತುವವಳು. ಹೀಗಾಗಿ ತಾವೂ ನಾನೂ ಒಂದೇ ಕಸುಬಿನವರು. ಬಾಯಿ ತೆರೆದು ಕುಳಿತವರು ಅರ್ಧದಲ್ಲಿ ಎದ್ದು ಹೋಗುವಂತಿಲ್ಲ ಎಂಬ ಅನುಕೂಲ ನನಗಿರುವ ಹಾಗೆ, ಅರ್ಧ ಹತ್ತಿದವರು ವಾಪಸು ಹೋಗುವಂತಿಲ್ಲ ಎಂಬ ಅನುಕೂಲ ತಮಗಿದೆ. ಈ ಬಾಂಧವ್ಯದ ಸಲುಗೆಯಿಂದಲೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ, ಬಂಡೆಯ ಸಹವಾಸಕ್ಕೆ ಹೋಗದೆ ಸುಖವಾಗಿರುವ ಓದುಗರಿಗೂ ವಿಷಯ ತಿಳಿಯಬೇಕು. ಹಳೆಯ ಕಲ್ಲುಕ್ವಾರಿಯ ಹಿಂದಿರುವ ಆ ಎತ್ತರದ ಬಂಡೆಗೋಡೆಯಲ್ಲಿ, ಬುಡದಿಂದ ನೆತ್ತಿಯವರೆಗೆ, ತಾವು ಸ್ವಂತ ಉತ್ಸಾಹದಿಂದ ಬೋಲ್ಟುಗಳನ್ನು ಹೊಡೆದು ಒಂದು ಮಾರ್ಗ ಮಾಡಿದ್ದೀರಿ. ಮುಂದಾಗಿ ಹತ್ತುವವರು ಒಂದೊಂದೇ ಬೋಲ್ಟಿಗೆ ಕೊಂಡಿ ಸಿಕ್ಕಿಸಿ, ಅದರಲ್ಲಿ ತಮ್ಮ ಹಗ್ಗ ತೂರಿಸುತ್ತಾ ಹೋಗುತ್ತಾರೆ. ಕೆಳಗಿನವರು ಹಗ್ಗ ಹಿಡಿದಿರುತ್ತಾರೆ. ಕೈ ಜಾರಿದರೆ ಕೊನೆಯ ಬೋಲ್ಟು ಕಾಯುತ್ತದೆ. ಹಗ್ಗ ಮುಗಿಯುವಷ್ಟರಲ್ಲಿ ಒಂದು ನಿಲ್ದಾಣ, ಅಲ್ಲಿ ಇಬ್ಬರೂ ಕೂಡಿಕೊಂಡು ಮತ್ತೆ ಮುಂದಕ್ಕೆ. ಹೀಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಹತ್ತುವ ಒಂದು ಭಾಗಕ್ಕೆ ನಮ್ಮವರು ಪಿಚ್ ಎನ್ನುತ್ತಾರೆ. ತಮ್ಮ ಮಾರ್ಗದಲ್ಲಿ ಅಂಥ ಆರು ಪಿಚ್ಚುಗಳಿವೆ. ಅದಕ್ಕೆ ತಾವಿಟ್ಟ ಹೆಸರು 'ಸುಖಪ್ರಯಾಣ'. ಹೆಸರಿಡುವಾಗ ತಾವು ಮೊದಲನೆಯ ಪಿಚ್ಚಿನಲ್ಲೇ ಇದ್ದಿರಬೇಕು ಎಂಬುದು ನನ್ನ ಊಹೆ.

ತಮ್ಮ ಮಾರ್ಗವನ್ನು ನಾನು ನನ್ನ ಪತಿಯೊಂದಿಗೆ ಹತ್ತಬೇಕಿತ್ತು. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು, ಅಲ್ಪವಿರಾಮ ಎಲ್ಲಿರಬೇಕೆಂಬುದನ್ನು ಬಿಟ್ಟರೆ ಬೇರಾವ ವಿಷಯಕ್ಕೂ ಯಾರೊಡನೆಯೂ ಜಗಳವಾಡದ ಪ್ರಾಣಿ. ಹೊರಡುವ ಹಿಂದಿನ ಸಂಜೆ ಬಟ್ಟೆ ಒಗೆಯುವ ಯಂತ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಸೊಂಟ ಹಿಡಿದುಕೊಂಡಿತ್ತು. ಯೋಜನೆ ಕೈಬಿಡೋಣವೆಂದರೆ ಒಪ್ಪಲಿಲ್ಲ. ನನ್ನ ಬದಲಿಗೆ ಒಬ್ಬರನ್ನು ಗೊತ್ತುಮಾಡಿದ್ದೇನೆ, ಬೆಳಿಗ್ಗೆ ಬಂಡೆಯ ಬುಡಕ್ಕೆ ಬರುತ್ತಾರೆ, ಅನುಭವಸ್ಥರು ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಬೆಳಿಗ್ಗೆ ಬಂಡೆಯ ಬುಡದಲ್ಲಿ ಕುಳಿತು ಬೂಟಿನ ಲಾಡಿ ಬಿಗಿಯುತ್ತಿದ್ದವಳು ಅವರ ತಂಗಿ, ನನ್ನ ನಾದಿನಿ.

ನಾದಿನಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಮ್ಮ ಮೇಲಿನ ದೂರಿನ ತೂಕ ಗೊತ್ತಾಗುವುದಿಲ್ಲ. ಆಕೆ ಶಾಲೆಯಲ್ಲಿ ಆಟಗಳ ಶಿಕ್ಷಕಿ. ಮಕ್ಕಳು ಆಕೆಗೆ ಸೀಟಿ ಮೇಡಂ ಎಂದು ಹೆಸರಿಟ್ಟಿದ್ದಾರೆ. ಆಕೆ ಒಮ್ಮೆ ಸೀಟಿ ಊದಿದರೆ ಮೈದಾನದ ಮಕ್ಕಳಷ್ಟೇ ಅಲ್ಲ, ರಸ್ತೆಯಲ್ಲಿ ಹೋಗುತ್ತಿರುವ ಸೈಕಲ್ಲುಗಳೂ ನಿಲ್ಲುತ್ತವೆ. ಆಳೆತ್ತರದ ಹೆಂಗಸು, ಹೆದರಿಕೆ ಎಂಬ ಪದ ಗೊತ್ತಿಲ್ಲದವಳು ಎಂದೇ ನಾವೆಲ್ಲ ನಂಬಿದ್ದೆವು. ನನ್ನ ಮದುವೆಯಾದ ಹೊಸದರಲ್ಲಿ ನನ್ನನ್ನು ಮೊದಲು ಬಂಡೆಗೆ ಕರೆದುಕೊಂಡು ಹೋದವಳು ಆಕೆಯೇ, ಎಷ್ಟೋ ವರ್ಷ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿದ್ದೂ ಉಂಟು. ಆದರೆ ಕಳೆದ ವರ್ಷ ಆಕೆಗೆ ಒಂದು ದವಡೆಹಲ್ಲು ಕೈಕೊಟ್ಟಿತು. ಮನೆಯಲ್ಲಿ ಹಲ್ಲಿನ ವೈದ್ಯೆ ಇರುವಾಗ, ನನ್ನ ದವಾಖಾನೆಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ ಬೋರ್ಡು ಹಾಕಿಕೊಂಡಿರುವ ಇನ್ನೊಬ್ಬ ವೈದ್ಯರ ಹತ್ತಿರ ಹೋಗಿ ಅದನ್ನು ಸರಿಮಾಡಿಸಿಕೊಂಡಳು. ಕದ್ದುಮುಚ್ಚಿ ಹೋಗಿದ್ದರೂ ಸಹಿಸಬಹುದಿತ್ತು. ಕೆನ್ನೆ ಊದಿಸಿಕೊಂಡು ಹೊರಬಂದವಳನ್ನು ನನ್ನ ಕಿಟಕಿಯಿಂದ ನಾನೇ ನೋಡಿದೆ, ಆಗ ನನ್ನ ಕುರ್ಚಿಯಲ್ಲಿ ಮಲಗಿದ್ದ ರೋಗಿಯೂ ತಲೆಯೆತ್ತಿ ನೋಡಿ, ಅವರು ನಿಮ್ಮ ನಾದಿನಿ ಅಲ್ಲವೇ ಎಂದು ಬಾಯಿತುಂಬ ಹತ್ತಿಯಿಟ್ಟುಕೊಂಡೇ ಕೇಳಿದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ನನ್ನ ಪತಿ ನಡುವೆ ನಿಂತು ಇತ್ತಲಿನ ಸುದ್ದಿಯನ್ನು ಅತ್ತ, ಅತ್ತಲಿನದನ್ನು ಇತ್ತ, ಕಟುವಾದ ಪದಗಳನ್ನು ತಿದ್ದಿ ಮುಟ್ಟಿಸುತ್ತಿದ್ದರು.

ಬಂಡೆಯ ಬುಡದಲ್ಲಿ ಒಬ್ಬರನ್ನೊಬ್ಬರು ನೋಡಿದಾಗ ಇಬ್ಬರಿಗೂ ವಾಪಸು ಹೋಗಬೇಕೆನಿಸಿತು. ಆದರೆ ಮೊದಲು ಹೋದವರು ಹೆದರಿ ಹೋದಂತೆ ಆಗುತ್ತದಲ್ಲ. ಆದ್ದರಿಂದ ಮಾತಿಲ್ಲದೆ ಹಗ್ಗ ಬಿಚ್ಚಿ, ಮಾತಿಲ್ಲದೆ ಗಂಟು ಕಟ್ಟಿ, ಒಬ್ಬರ ಗಂಟನ್ನು ಇನ್ನೊಬ್ಬರು ಎಳೆದು ಪರೀಕ್ಷಿಸಿ, ನಾನು ಮೊದಲ ಪಿಚ್ಚಿಗೆ ಕೈಯಿಟ್ಟೆ.

ಮಾನ್ಯರೇ, ಆ ಮೊದಲ ಪಿಚ್ಚಿನಲ್ಲಿ ತಾವು ತೋರಿಸಿರುವ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಏಣಿಯಂತಿರುವ ಬಂಡೆ, ಮಗುವೂ ಹತ್ತಬಹುದಾದ ಹಿಡಿತಗಳು, ಅಲ್ಲಿ ಮೊಳಕ್ಕೊಂದು ಬೋಲ್ಟು. ಒಂದಕ್ಕೆ ಕೊಂಡಿ ಸಿಕ್ಕಿಸಿ ತಲೆಯೆತ್ತುವಷ್ಟರಲ್ಲಿ ಇನ್ನೊಂದು ಮೂಗಿಗೆ ತಾಗುತ್ತದೆ. ಆರಾಮಾಗಿ ಕುಳಿತು ದಿನಪತ್ರಿಕೆ ಓದಬಹುದಾದ ಒಂದು ಅಗಲವಾದ ಕಟ್ಟೆಯ ಮೇಲೂ, ಪತ್ರಿಕೆ ಓದುತ್ತಾ ಯಾರಾದರೂ ಭಾವೋದ್ವೇಗದಿಂದ ಉರುಳಿಬಿಟ್ಟಾರೆಂದು, ತಾವು ಎರಡು ಬೋಲ್ಟು ಹೊಡೆದಿದ್ದೀರಿ. ನನ್ನಲ್ಲಿದ್ದ ಕೊಂಡಿಗಳೆಲ್ಲ ಅರ್ಧ ದಾರಿಯಲ್ಲೇ ಖಾಲಿಯಾಗಿ, ಉಳಿದ ಬೋಲ್ಟುಗಳಿಗೆ ಕೈಮುಗಿದು ಮುಂದೆ ಹೋಗಬೇಕಾಯಿತು.

ಎರಡನೆಯ ಪಿಚ್ಚಿನ ಬಗ್ಗೆ ಸುಳ್ಳು ಹೇಳಲಾರೆ. ಅದು ಚೆನ್ನಾಗಿದೆ. ನಾದಿನಿ ಮುಂದಾಗಿ ಹತ್ತಿದಳು, ನಾನು ಹಿಂದೆ ಹೋದೆ. ಬೆಳಗಿನ ಬಿಸಿಲಿಗೆ ಹದವಾಗಿ ಕಾದ ಇಳಿಜಾರು ಬಂಡೆ, ಕಾಲಿಟ್ಟಲ್ಲಿ ಕಾಲು ನಿಲ್ಲುತ್ತದೆ, ಕೈಯಿಗಿಂತ ಬುದ್ಧಿ ಹೆಚ್ಚು ಕೆಲಸ ಮಾಡಬೇಕಾಗುತ್ತದೆ, ಬೋಲ್ಟುಗಳು ಬೇಕಾದಲ್ಲೇ ಇವೆ. ನಿಲ್ದಾಣಕ್ಕೆ ಬಂದಾಗ ಎಷ್ಟು ಸೊಗಸಾಗಿತ್ತು ಎಂದು ಆಕೆಗೆ ಹೇಳಬೇಕೆನಿಸಿ, ಮಾತಿಲ್ಲದ್ದು ನೆನಪಾಗಿ, ಆ ಮಾತನ್ನು ನೀರಿನ ಜೊತೆ ನುಂಗಿದೆ. ಈ ಪಿಚ್ಚನ್ನು ಮಾಡಿದವರು ಮತ್ತು ಮೂರನೆಯದನ್ನು ಮಾಡಿದವರು ಒಬ್ಬರೇ ಎಂಬುದಕ್ಕೆ ತಮ್ಮಲ್ಲಿ ಏನಾದರೂ ದಾಖಲೆಯಿದ್ದರೆ ದಯವಿಟ್ಟು ಪ್ರಕಟಿಸಿ.

ಏಕೆಂದರೆ ಮೂರನೆಯದು ಬಂಡೆಯಲ್ಲ, ತೋಟ. ಹುಲ್ಲು, ಒದ್ದೆ ಮಣ್ಣು, ಮುಳ್ಳಿನ ಪೊದೆ, ಆ ಪೊದೆಯ ಹೊಟ್ಟೆಯೊಳಗೆ ಒಂದು ಬೋಲ್ಟು. ಪೊದೆ ಆಮೇಲೆ ಬೆಳೆದಿರಬಹುದೆಂದು ತಮ್ಮ ಪರವಾಗಿ ವಾದಿಸೋಣವೆಂದರೆ ಅದರ ಕಾಂಡ ನನ್ನ ತೊಡೆಯಷ್ಟಿತ್ತು. ನಾನು ಮೊಣಕೈವರೆಗೆ ಮುಳ್ಳಿನಲ್ಲಿ ಕೈ ತೂರಿಸಿ ಬೋಲ್ಟು ಹುಡುಕುವಾಗ, ಕಾಲ ಕೆಳಗಿನ ಮಣ್ಣು ಹೆಂಟೆಹೆಂಟೆಯಾಗಿ ಕೆಳಗೆ ಹಗ್ಗ ಹಿಡಿದು ನಿಂತ ನಾದಿನಿಯ ಹೆಲ್ಮೆಟ್ಟಿನ ಮೇಲೆ ಬೀಳುತ್ತಿತ್ತು. ನೋಡಿಕೊಂಡು ಹತ್ತಿ ಎನ್ನಲು ಆಕೆಗೆ ಸ್ವಾಭಿಮಾನ ಅಡ್ಡ, ಬೇಕೆಂದು ಬೀಳಿಸುತ್ತಿಲ್ಲ ಎನ್ನಲು ನನಗೆ ಅಡ್ಡ. ಮೊದಲ ಹೆಂಟೆ ಖಂಡಿತವಾಗಿ ಬೇಕೆಂದು ಬೀಳಿಸಿದ್ದಲ್ಲ. ಮೂರನೆಯದರ ಬಗ್ಗೆ ನಾನು ಪ್ರಮಾಣ ಮಾಡಲಾರೆ. ಮೇಲೆ ಬಂದಾಗ ಆಕೆ ಕಿವಿಯೊಳಗಿನ ಮಣ್ಣನ್ನು ಕಿರುಬೆರಳಿನಿಂದ ತೆಗೆದು, ನನ್ನ ಕಣ್ಣೆದುರೇ ಉಜ್ಜಿ ಗಾಳಿಗೆ ಬಿಟ್ಟಳು. ಅಷ್ಟು ವಿವರವಾದ ಸಂಭಾಷಣೆ ನಮ್ಮ ನಡುವೆ ಬಹಳ ದಿನಗಳ ನಂತರ ಅದೇ ಮೊದಲು.

ನಾಲ್ಕನೆಯ ಪಿಚ್ಚಿನ ಬಂಡೆ ಟೊಳ್ಳು, ಬಡಿದರೆ ಖಾಲಿ ಡಬ್ಬದ ಸದ್ದು. ಅದರ ನಟ್ಟನಡುವೆ ತಾವು ಹೊಡೆದಿರುವ ಒಂದು ಬೋಲ್ಟು ಬೆರಳಿನಿಂದ ತಳ್ಳಿದರೆ ಗಿರ್ರನೆ ತಿರುಗುತ್ತದೆ. ಹಲ್ಲು ಹಾಗೆ ಅಲುಗಾಡಿದರೆ ನಾವು ರೋಗಿಗೆ ಸಮಾಧಾನ ಹೇಳಿ ಕಿತ್ತುಬಿಡುತ್ತೇವೆ. ಇದನ್ನು ಮಾತ್ರ, ಮುಂದಾಗಿ ಹೋದ ನಾದಿನಿ ಅದಕ್ಕೇ ಹಗ್ಗ ಹಾಕಿಕೊಂಡಿದ್ದರಿಂದ, ಕೀಳುವ ಆಸೆಯನ್ನು ಅದುಮಿಟ್ಟುಕೊಂಡೆ. ಆಕೆ ಏನೂ ಹೇಳದೆ ಅದನ್ನು ದಾಟಿಹೋಗಿದ್ದಳು. ಮಾತಾಡುವಂತಿದ್ದರೆ ಎಚ್ಚರಿಸುತ್ತಿದ್ದಳೇ, ಎಚ್ಚರಿಸಿದ್ದರೆ ನಾನು ಕೇಳುತ್ತಿದ್ದೆನೇ ಎಂದು ಯೋಚಿಸುತ್ತಾ ಹತ್ತಿದೆ.

ಆ ಪಿಚ್ಚಿನ ಕೊನೆಯ ನಿಲ್ದಾಣವನ್ನು ನೆನೆದರೆ ಈಗಲೂ ನನ್ನ ತೊಡೆ ಮರಗಟ್ಟುತ್ತದೆ. ಎಡಕ್ಕೆ ನಾಲ್ಕು ಮಾರು ದೂರದಲ್ಲಿ ಹಾಸಿಗೆಯಷ್ಟು ಅಗಲದ, ನೆರಳಿರುವ ಒಂದು ಕಟ್ಟೆಯಿದೆ. ತಾವು ಅದನ್ನು ನೋಡಿದ್ದೀರಿ, ಏಕೆಂದರೆ ಅಲ್ಲಿ ತಮ್ಮದೆನ್ನಬಹುದಾದ ಬಿಸ್ಕತ್ತಿನ ಹಾಳೆ ಬಿದ್ದಿದೆ. ಅಲ್ಲಿ ಕುಳಿತು ತಿಂದು, ಹತ್ತುವವರಿಗೆ ಅಷ್ಟೊಂದು ಸುಖ ಒಳ್ಳೆಯದಲ್ಲವೆಂದು ತೀರ್ಮಾನಿಸಿ, ಕಾಲಿಡಲು ಜಾಗವಿಲ್ಲದ ನುಣುಪು ಗೋಡೆಯಲ್ಲಿ ನಿಲ್ದಾಣ ಮಾಡಿದ್ದೀರಿ. ಅಲ್ಲಿ ಇಬ್ಬರು ಒಂದೇ ಮೊಳೆಗೆ ನೇತುಹಾಕಿದ ಎರಡು ಕೋಟುಗಳಂತೆ, ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ ಒತ್ತಿಕೊಂಡು ಜೋತಾಡಬೇಕು. ನಾನು ಬಲಕ್ಕೆ ನೋಡಿದೆ, ಆಕೆ ಎಡಕ್ಕೆ ನೋಡಿದಳು. ಆಕೆಯ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ಅಲ್ಲಿಂದ ಐದನೆಯದು ನನ್ನ ಸರದಿ. ಅದರ ಮೊದಲ ಬೋಲ್ಟು ಎಷ್ಟು ಎತ್ತರದಲ್ಲಿದೆಯೆಂದರೆ, ತಾವು ಯಾವುದಾದರೂ ಬಾಗಿಲಿನ ಪಕ್ಕ ನಿಂತು ತೆಗೆಸಿಕೊಂಡ ಒಂದು ಛಾಯಾಚಿತ್ರವನ್ನು ಕಳುಹಿಸಿಕೊಟ್ಟರೆ ತಮ್ಮ ಎತ್ತರದ ಬಗೆಗಿನ ನನ್ನ ಅನುಮಾನ ಬಗೆಹರಿಯುತ್ತದೆ. ನಾನು ಗಿಡ್ಡ ಎಂಬುದನ್ನು ಒಪ್ಪುತ್ತೇನೆ. ಮೂರು ಸಲ ಚಾಚಿ ಸಿಗದೆ, ನಾಲ್ಕನೆಯ ಸಲ ನಾದಿನಿ ಕೇಳದೆಯೇ ತನ್ನ ಭುಜ ಒಡ್ಡಿದಳು. ಅದರ ಮೇಲೆ ಕಾಲಿಟ್ಟು ಕೊಂಡಿ ಸಿಕ್ಕಿಸಿದೆ. ನಮ್ಮೊಳಗಿನ ಮುನಿಸಿನ ನಿಯಮದಲ್ಲಿ ಭುಜದ ಪ್ರಸ್ತಾಪ ಇರಲಿಲ್ಲ.

ಅದರ ಮೇಲಿನ ಬೋಲ್ಟು ಕಾಣಲಿಲ್ಲ. ಇನ್ನೆರಡು ಹೆಜ್ಜೆ ಹೋದರೆ ಕಂಡೀತು ಎಂದು ಹೋದೆ. ಕಾಣಲಿಲ್ಲ. ಇನ್ನೊಂದೆರಡು. ಆ ಹೊತ್ತಿಗೆ ಕೆಳಗಿನ ಬೋಲ್ಟು ನನ್ನ ಕಾಲಿನಿಂದ ಎಷ್ಟೋ ಕೆಳಗೆ ಗುಂಡಿಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಇಳಿಯಲು ಆಗದು, ನಿಲ್ಲಲು ಕೈ ಒಪ್ಪದು. ಎಡಗೈಯಲ್ಲಿ ಹಿಡಿದ ಕಲ್ಲಿನ ಚಕ್ಕೆ, ತಮ್ಮ ಮಾರ್ಗದ ಉಳಿದೆಲ್ಲದರಂತೆ, ಅರ್ಧ ಕೆಲಸ ಮಾಡಿ ಕಿತ್ತುಬಂತು.

ಬೀಳುವಾಗ ಬದುಕೆಲ್ಲ ಕಣ್ಣೆದುರು ಬರುತ್ತದೆಂದು ಹೇಳುತ್ತಾರೆ. ನನಗೆ ಬಂದದ್ದು ನಾದಿನಿ ಮಾತ್ರ, ಅದೂ ನಿಜವಾಗಿ, ತಲೆಕೆಳಗಾಗಿ, ನನ್ನ ಪಕ್ಕದಿಂದ ಮೇಲಕ್ಕೆ ಹೋಗುತ್ತಾ. ನಾನು ಆಕೆಗಿಂತ ಕೆಳಗೆ ಹೋಗಿ ನಿಂತೆ. ಹಗ್ಗದ ಸೆಳೆತಕ್ಕೆ ಆಕೆ ಮೇಲೆ ಹಾರಿ, ಭುಜ ಬಂಡೆಗೆ ಬಡಿದು, ಅಂಗೈ ಸುಲಿದು, ಆದರೂ ಹಗ್ಗ ಬಿಟ್ಟಿರಲಿಲ್ಲ. ಕೆಳಗಿನ ಕಣಿವೆಯಲ್ಲಿ ಯಾವುದೋ ಹಕ್ಕಿ ಕೂಗುವುದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಮೇಲಿಂದ ಮೆಲ್ಲಗೆ, ಸೀಟಿ ಮೇಡಮ್ಮನದಲ್ಲದ ಒಂದು ಧ್ವನಿ ಬಂತು.

"ಅತ್ತಿಗೆ, ಏನಾದ್ರೂ ಮಾತಾಡಿ."

ಮಾತಾಡಿದೆ. ಚೆನ್ನಾಗಿದ್ದೇನೆ ಎಂದೆ. ಹಗ್ಗ ಹಿಡಿದು ಆಕೆಯ ಪಕ್ಕಕ್ಕೆ ಹತ್ತಿ ಬಂದು ಮತ್ತೆ ಜೋತುಬಿದ್ದೆ. ನನ್ನ ಎರಡೂ ಕೈ ನಡುಗುತ್ತಿದ್ದವು. ಸೂಜಿಯ ಮೊನೆಯಷ್ಟು ಜಾಗದಲ್ಲಿ ಕೆಲಸ ಮಾಡುವ ಕೈಗಳು ಹಾಗೆ ನಡುಗುವುದನ್ನು ಯಾರೂ ನೋಡಬಾರದೆಂದು ಕಂಕುಳಲ್ಲಿ ಅಡಗಿಸಿಕೊಂಡೆ. ಆದರೆ ತಮ್ಮ ನಿಲ್ದಾಣದಲ್ಲಿ ಅಡಗಿಸಲು ಜಾಗವೆಲ್ಲಿ? ಆಕೆ ನೋಡಿದಳು. ಎದುರಿನ ಬಂಡೆಗೆ ಹೇಳುವಂತೆ ಹೇಳಿದಳು:

"ಸೂಜಿ ಕಂಡ್ರೆ ನಾನು ಅಳ್ತೀನಿ ಅತ್ತಿಗೆ. ಸುಮ್ನೆ ಕಣ್ಣಲ್ಲಿ ನೀರಲ್ಲ, ಮಕ್ಕಳ ಥರ ಹೋ ಅಂತ ಅಳ್ತೀನಿ. ಆ ಡಾಕ್ಟರ ಮುಂದೆ ಅತ್ರೆ ಏನಾಯ್ತು, ಅವ್ರು ನಂಗೆ ಯಾರೂ ಅಲ್ಲ."

ನಾನು ಒಂದು ವರ್ಷಕ್ಕೂ ಮೇಲ್ಪಟ್ಟು ಬೇರೆ ಏನನ್ನೋ ನಂಬಿಕೊಂಡಿದ್ದೆ. ನನಗೆ ವಯಸ್ಸಾಯಿತು, ನನ್ನ ಕೈ ಮೊದಲಿನಂತಿಲ್ಲ, ಅದು ಮನೆಯವರಿಗೆಲ್ಲ ಗೊತ್ತಾಗಿದೆ, ನನಗೆ ಹೇಳಲಾರದೆ ಆಕೆ ರಸ್ತೆ ದಾಟಿ ಹೋಗಿದ್ದಾಳೆ ಎಂದು. ಅದನ್ನೇ ಹೇಳಿದೆ. ಆಕೆ ನನ್ನ ಕಡೆ ತಿರುಗಿ ಹುಚ್ಚಿಯನ್ನು ನೋಡುವಂತೆ ನೋಡಿದಳು. ಇಷ್ಟು ವರ್ಷ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿತ್ತು ಎಂದು ಕೇಳಿದಳು. ನಂಬಿಕೆ ಇಲ್ಲದ ಕೈಗೆ ಜೀವ ಕೊಡುತ್ತಾರೆಯೇ, ಹಲ್ಲೇನು ದೊಡ್ಡದು ಎಂದಳು. ನಾನು ಮೂಗು ಒರೆಸಿಕೊಂಡೆ. ಹಿಡಿತ ಜಾರದಿರಲೆಂದು ಚಾಕ್ ಪುಡಿ ಮೆತ್ತಿದ್ದ ಕೈಯಲ್ಲಿ ಒರೆಸಿಕೊಂಡದ್ದರಿಂದ ಅರ್ಧ ಮುಖ ಬೆಳ್ಳಗಾಯಿತು.

ಹಾಗಾದರೆ ಇನ್ನು ಮುಂದೆ ನನ್ನ ಹತ್ತಿರವೇ ಬರುತ್ತೀಯಲ್ಲ ಎಂದು ಕೇಳಿದೆ. ಇಲ್ಲ, ಹಲ್ಲಿಗೆ ಅಲ್ಲಿಗೇ ಹೋಗುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದಳು. ತಮ್ಮ ಬೋಲ್ಟುಗಳಲ್ಲಿ ಆ ಉತ್ತರದಷ್ಟು ಗಟ್ಟಿಯಾದದ್ದು ಒಂದಾದರೂ ಇದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ಕೈ ಸೋತಿತ್ತು. ಆಕೆ ಅಂಗೈಗೆ ಬಟ್ಟೆ ಸುತ್ತಿಕೊಂಡು ತಾನೇ ಮುಂದಾದಳು. ಹೊರಡುವ ಮೊದಲು ನನ್ನ ಮೇಲೇ ಕಣ್ಣಿಟ್ಟಿರಿ ಎಂದಳು. ಹಾಗೆ ಆಕೆ ಹಿಂದೆಂದೂ ಹೇಳಿದವಳಲ್ಲ. ನಾನು ರೆಪ್ಪೆ ಬಡಿಯದೆ, ಹಗ್ಗವನ್ನು ಬೇಕಾದಷ್ಟೇ ಸಡಿಲ ಬಿಡುತ್ತಾ ಹೋದೆ. ನಾನು ಬಿದ್ದ ಜಾಗ ದಾಟಿದಳು, ಅದರ ಮೇಲೆ ಇನ್ನೆರಡು ಹೆಜ್ಜೆ ಹೋಗಿ ನಿಂತುಬಿಟ್ಟಳು. ಆಕೆ ಅಲ್ಲಿಂದ ಬಿದ್ದರೆ ನನಗಿಂತ ಬಹಳ ಕೆಳಗೆ ಹೋಗುತ್ತಾಳೆ. ಬೋಲ್ಟು ಸಿಕ್ಕಿತೇ ಎಂದು ಕೂಗಿ ಕೇಳಿದೆ. ಆಕೆಯ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ.

"ಅತ್ತಿಗೆ, ಇಲ್ಲಿ ತೂತು ಇದೆ. ಬೋಲ್ಟಿಲ್ಲ."

ಆಕೆ ನಗುತ್ತಿದ್ದಳು. ತಾವು ಅಲ್ಲಿ, ಸರಿಯಾದ ಜಾಗದಲ್ಲಿ, ಸರಿಯಾದ ಆಳಕ್ಕೆ, ಬಹಳ ಅಚ್ಚುಕಟ್ಟಾಗಿ ತೂತು ಕೊರೆದು, ಅಷ್ಟರಲ್ಲಿ ಬ್ಯಾಟರಿ ಮುಗಿಯಿತೋ, ಊಟದ ಹೊತ್ತಾಯಿತೋ, ಬಿಟ್ಟು ಹೋಗಿದ್ದೀರಿ. ಒಂದು ಇರುವೆ ಅದರಲ್ಲಿ ಸಂಸಾರ ಹೂಡಿತ್ತಂತೆ. ಮಾನ್ಯರೇ, ನಾನು ವೃತ್ತಿಧರ್ಮದ ಹೆಸರಿನಲ್ಲಿ ಕೇಳುತ್ತೇನೆ, ರೋಗಿಯ ಹಲ್ಲು ಕೊರೆದು ತುಂಬದೆ ನಾನು ಮನೆಗೆ ಹೋದರೆ ಊರಿನವರು ನನ್ನನ್ನು ಏನು ಮಾಡುತ್ತಾರೆ? ಆದರೆ ಆ ಹೊತ್ತಿನಲ್ಲಿ ನನಗೂ ನಗು ಬಂತು. ಮೇಲೆ ಆಕೆ, ಕೆಳಗೆ ನಾನು, ನಡುವೆ ತಮ್ಮ ಖಾಲಿ ತೂತು, ಹಗ್ಗವೂ ನಗುವಂತೆ ಅದುರುತ್ತಿತ್ತು. ನಗು ನಿಂತ ಮೇಲೆ ಆಕೆ ಉಸಿರು ಎಳೆದುಕೊಂಡು, ಬೀಳದೆ, ಮುಂದಿನ ಬೋಲ್ಟು ಮುಟ್ಟಿದಳು.

ಆರನೆಯ ಪಿಚ್ಚು ಇಡೀ ಮಾರ್ಗದಲ್ಲೇ ಶ್ರೇಷ್ಠವೆಂದು ಮಾರ್ಗದರ್ಶಿ ಪುಸ್ತಕ ಹೇಳುತ್ತದೆ. ಇರಬಹುದು. ನಾವು ಹಗ್ಗದ ಎರಡೂ ತುದಿಯಿಂದ ಕೂಗಿ ಕೂಗಿ ಮಾತಾಡುತ್ತಾ ಹತ್ತಿದ್ದರಿಂದ ಅದರ ಒಂದು ಹಿಡಿತವೂ ನೆನಪಿಲ್ಲ. ತಮ್ಮ ಅತ್ಯುತ್ತಮ ಕೆಲಸ ಹೀಗೆ ವ್ಯರ್ಥವಾಯಿತೆಂದು ತಿಳಿಸಲು ವಿಷಾದಿಸುತ್ತೇನೆ. ನೆತ್ತಿಯ ಮೇಲೆ ಕುಳಿತು ನನ್ನ ಪತಿಗೆ ಫೋನು ಮಾಡಿದೆವು, ಎತ್ತಲಿಲ್ಲ. ಇಬ್ಬರನ್ನೂ ಒಂದೇ ಹಗ್ಗಕ್ಕೆ ಸೇರಿಸಿ ಈಗ ಬೈಗುಳಕ್ಕೆ ಹೆದರಿ ಅಡಗಿದ್ದಾರೆ, ಸೊಂಟನೋವೂ ನಾಟಕವೇ ಇರಬೇಕು ಎಂದು ನಾನು ಅಂದೆ. ಅಣ್ಣನಿಗೆ ಅಷ್ಟು ಬುದ್ಧಿಯಿಲ್ಲ ಎಂದಳು ಆಕೆ. ಇಬ್ಬರೂ ಸೇರಿ ಏನೇನು ಹೇಳಿ ಬೈಯಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಸಂಜೆಗೆ ಮನೆಗೆ ಬಂದೆವು.

ಬೀಗ ತೆಗೆದು ಒಳಗೆ ಹೋದರೆ ಮನೆ ಖಾಲಿ. ಹೊರಗೆಲ್ಲೋ ತಿರುಗಾಡಲು ಹೋಗಿದ್ದಾರೆ, ನಾಟಕವೆಂದು ಸಾಬೀತಾಯಿತಲ್ಲ ಎಂದುಕೊಂಡು ಹಗ್ಗವನ್ನು ಮೂಲೆಗೆ ಎಸೆದು, ಚಹಾ ಮಾಡಿಕೊಂಡು, ಸೋಫಾದ ಮೇಲೆ ಕಾಲು ಚಾಚಿ ಕುಳಿತೆವು. ಆಕೆ ದವಡೆಹಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಆ ವೈದ್ಯರು ಆಕೆಯ ಅಳು ಕೇಳಲಾರದೆ ಸಹಾಯಕಿಯನ್ನು ಕಳಿಸಿ ರೇಡಿಯೊ ಜೋರು ಮಾಡಿಸಿದ್ದನ್ನು ಅಭಿನಯಿಸಿ ತೋರಿಸಿದಳು. ನಾನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ. ಒರೆಸಲು ಬಟ್ಟೆ ಬೇಕೆಂದು ಎದ್ದಾಗ, ಸೋಫಾದ ಹಿಂದಿನಿಂದ ಒಂದು ಕೈ ಮೆಲ್ಲನೆ ಮೇಲೆದ್ದು ಕರವಸ್ತ್ರವನ್ನು ಚಾಚಿತು.

ನನ್ನ ಪತಿ ಮಧ್ಯಾಹ್ನ ನೀರು ಕುಡಿಯಲು ಎದ್ದವರು, ದಾರಿಯಲ್ಲಿ ಸೊಂಟ ಮತ್ತೆ ಕೈಕೊಟ್ಟು, ಸೋಫಾದ ಹಿಂದೆ ನೆಲಕ್ಕೆ ಬಿದ್ದು, ಫೋನು ಮಂಚದ ಮೇಲೆ ಉಳಿದು, ಅಲ್ಲೇ ಅಂಗಾತ ಮಲಗಿದ್ದರು. ನಾವು ಬಂದು ಎಷ್ಟು ಹೊತ್ತಾಗಿತ್ತೋ. ಇಬ್ಬರೂ ಒಟ್ಟಿಗೆ ಅವರ ಮೇಲೆ ಬಗ್ಗಿ, ಯಾಕೆ ಕೂಗಲಿಲ್ಲ ಎಂದು ಗದರಿದೆವು. ಅವರು ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು.

"ನೀವು ಮಾತಾಡ್ತಾ ಇದ್ರಲ್ಲ," ಎಂದರು.

ತಮ್ಮ ಮಾರ್ಗದ ಮೊದಲ ಪಿಚ್ಚಿನಲ್ಲಿ ಹೆಚ್ಚಾಗಿರುವ ಬೋಲ್ಟುಗಳಲ್ಲಿ ಒಂದನ್ನಾದರೂ ಕಿತ್ತು ಐದನೆಯದರ ಆ ತೂತಿಗೆ ಬೇಗನೆ ತುಂಬಬೇಕೆಂದೂ, ಅಲ್ಲಿರುವ ಇರುವೆಯ ಸಂಸಾರಕ್ಕೆ ಬೇರೆ ವಸತಿ ಕಲ್ಪಿಸಬೇಕೆಂದೂ, ಅದಕ್ಕೆ ತಡವಾಗುವುದಾದರೆ ಅಲ್ಲಿಯವರೆಗೆ ಗಿಡ್ಡವರಿಗೆ ಅರ್ಧ ಮೊಳ ಹೆಚ್ಚು ಉದ್ದದ ಕೈಗಳನ್ನು ಬಂಡೆಯ ಬುಡದಲ್ಲಿ ಎರವಲು ಕೊಡುವ ವ್ಯವಸ್ಥೆ ಮಾಡಬೇಕೆಂದೂ ವಿನಂತಿಸಿಕೊಳ್ಳುತ್ತೇನೆ.

ಸುಲಿದ ಮೊಣಕೈಯಿಂದಲೇ ವಂದನೆಗಳನ್ನು ಸಲ್ಲಿಸುತ್ತಿರುವ,

ತಮ್ಮ ವಿಶ್ವಾಸಿ,
ಹಲ್ಲಿನ ವೈದ್ಯೆ

ಮರೆತ ಮಾತು: ಅದೇ ಗೋಡೆಯ ಬಲಭಾಗದಲ್ಲಿ ತಾವು ಇನ್ನೊಂದು ಮಾರ್ಗವನ್ನು ತೆರೆಯುತ್ತಿದ್ದೀರೆಂದೂ, ಅದಕ್ಕೆ 'ನೆಮ್ಮದಿ' ಎಂಬ ಹೆಸರಿಡಲು ಯೋಚಿಸಿದ್ದೀರೆಂದೂ ತಿಳಿದು ಸಂತೋಷವಾಯಿತು. ಮಳೆಗಾಲ ಕಳೆದ ಮೇಲೆ ನಾದಿನಿಯೂ ನಾನೂ ಹತ್ತಲು ಬರುತ್ತೇವೆ. ಮೊದಲು ತಾವೇ ಒಮ್ಮೆ ಹತ್ತಿ ತೋರಿಸಬೇಕೆಂದು ಪ್ರಾರ್ಥನೆ. ಹಗ್ಗವನ್ನು ನಾನು ಹಿಡಿಯುತ್ತೇನೆ, ಮತ್ತು ತಾವು ಬಿಟ್ಟ ಅಂತರಗಳಷ್ಟೇ ಧಾರಾಳವಾಗಿ ಬಿಡುತ್ತೇನೆ.